ಮಳೆಯಲ್ಲಿ ನಡೆಯುವವರಿಗೆ ಸದ್ದು ಮಾಡದ ರೈನ್‌ಕೋಟ್ ಬೇಕು

ಸಂಪಾದಕರಿಗೆ ನಮಸ್ಕಾರ.

ಮಳೆಗಾಲಕ್ಕೆ ರೈನ್‌ಕೋಟ್ ಆರಿಸುವುದು ಹೇಗೆ ಅಂತ ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಒಂದು ಪುಟ ಬಂದಿತ್ತು. ಓದಿದೆ, ಚೆನ್ನಾಗಿತ್ತು. ಆದರೆ ಅದರಲ್ಲಿ ಇದ್ದದ್ದೆಲ್ಲ ಬೈಕು, ಸ್ಕೂಟರಿನವರ ವಿಚಾರ. ಅರ್ಧ ಗಂಟೆ ನೆನೆದು, ಆಫೀಸು ಸೇರಿ, ಕೋಟು ಬಿಚ್ಚಿ ಮೊಳೆಗೆ ನೇತುಹಾಕುವವರ ವಿಚಾರ. ನಮ್ಮ ತುಮಕೂರು ಜಿಲ್ಲೆಯಲ್ಲಿ ಮಳೆಯಲ್ಲೇ ನಿಂತು, ಮಳೆಯಲ್ಲೇ ನಡೆದು ಕೆಲಸ ಮಾಡುವವರು ಎಷ್ಟೊಂದು ಜನ ಇದ್ದಾರೆ, ಅಲ್ವಾ? ಕಾಡು ಕಾಯುವ ವಾಚರ್‌ಗಳು, ಕುರಿ ಮೇಯಿಸುವವರು, ಕಡ್ಲೆಕಾಯಿ ಹೊಲಕ್ಕೆ ಕಾಡುಹಂದಿ ಬಾರದ ಹಾಗೆ ರಾತ್ರಿ ಕಾಯುವವರು. ಅವರ ಪರವಾಗಿ ನಾಲ್ಕು ಮಾತು ಬರೆಯಲೇಬೇಕು ಅನ್ನಿಸಿತು.

ನಾನು ಮಂಡಿಪೇಟೆ ಕಡೆ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವಳು. ಯಜಮಾನರು ಇದ್ದಾಗ ಟಾರ್ಪಾಲು, ಗಾಡಿ ಹೊದಿಕೆ, ಶಾಲೆ ಬ್ಯಾಗು ಹೊಲಿಯುತ್ತಿದ್ದರು. ಈಗ ನಾನು ಅದರ ಜೊತೆಗೆ ರೈನ್‌ಕೋಟೂ ಹೊಲಿಯುತ್ತೇನೆ. ರೆಡಿಮೇಡ್ ಕೋಟುಗಳ ರಿಪೇರಿಯೂ ಮಾಡುತ್ತೇನೆ. ಹರಿದದ್ದು, ಸೋರಿದ್ದು, ಜಿಪ್ ಕಿತ್ತುಹೋದದ್ದು ಎಲ್ಲ ನನ್ನ ಟೇಬಲ್ ಮೇಲೆ ಬರುತ್ತದೆ. ಯಾವ ಕೋಟು ಎಲ್ಲಿ ಸೋಲುತ್ತದೆ ಅಂತ ತಿಳಿಯಲು ರಿಪೇರಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಈಗ ಎರಡು ಮಳೆಗಾಲದಿಂದ ಹುಡುಗರು ಫೋನಿನಲ್ಲಿ ಒಂದು ಚಿತ್ರ ತೋರಿಸಿ ಕೇಳುತ್ತಾರೆ. ಎಲೆ, ಕಡ್ಡಿ, ತೊಗಟೆ ಎಲ್ಲ ಅಚ್ಚು ಹಾಕಿದ ಕೋಟು. ‘ಅಕ್ಕ, ಬೇಟೆಯವರ ರೈನ್‌ಕೋಟು, ಇದೇ ಥರ ಹೊಲಿದು ಕೊಡಿ’ ಅನ್ನುತ್ತಾರೆ. ಅವರಿಗೆ ಮೊದಲು ಹೇಳುವ ಮಾತನ್ನು ಇಲ್ಲೂ ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಕಾಡುಪ್ರಾಣಿ ಬೇಟೆ ಅಪರಾಧ. ಮೊಲಕ್ಕೆ ಉರುಳು ಒಡ್ಡಿದರೂ ಅಪರಾಧವೇ. ನಮ್ಮ ತಾತನ ಕಾಲದಲ್ಲಿ ಮಳೆಗಾಲದ ಬೇಟೆ ಅಂದರೆ ಊರಿಗೇ ಹಬ್ಬವಾಗಿತ್ತಂತೆ. ಆ ಕಾಲ ಮುಗಿಯಿತು, ಮುಗಿದದ್ದೇ ಸರಿ.

ಆದರೆ ಆ ಕೋಟಿನ ಹಿಂದಿರುವ ಅನುಭವವನ್ನು ಸುಮ್ನೆ ತಳ್ಳಿಹಾಕಬಾರದು. ಯುರೋಪು, ಅಮೆರಿಕದಲ್ಲಿ ಕಾನೂನಿನ ಪ್ರಕಾರ ಲೈಸೆನ್ಸು ತೆಗೆದುಕೊಂಡು, ಇಂತಿಷ್ಟೇ ದಿನ ಅಂತ ಜಿಂಕೆ ಬೇಟೆಗೆ ಹೋಗುವವರು ಇದ್ದಾರೆ. ಜಡಿಮಳೆಯಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂತು, ಆಮೇಲೆ ಗುಡ್ಡ ಹತ್ತಿ ಇಳಿಯುವವರು ಅವರು. ಮಳೆ ಉಡುಪಿನ ಬಗ್ಗೆ ಅವರಷ್ಟು ತಲೆ ಕೆಡಿಸಿಕೊಂಡವರು ಕಡಿಮೆ. ಅವರು ಮೊದಲು ನೋಡುವುದು ನೀರು ತಡೆಯುತ್ತದಾ ಅಂತ. ಎರಡನೆಯದು, ಸದ್ದು ಮಾಡುತ್ತದಾ ಅಂತ. ನಮ್ಮ ಅಂಗಡಿಗಳಲ್ಲಿ ಈ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ನನ್ನ ಪತ್ರದ ಮುಖ್ಯ ವಿಷಯ ಅದೇ.

ಬೇಟೆಯವರಿಗೆ ಸದ್ದು ಬೇಡ, ಯಾಕೆಂದರೆ ಜಿಂಕೆಗೆ ಕೇಳಿಸಬಾರದು. ನಮ್ಮವರಿಗೆ ಸದ್ದು ಬೇಡ, ಯಾಕೆಂದರೆ ನಮ್ಮ ಕಿವಿಗೆ ಬೇರೆಯದೆಲ್ಲ ಕೇಳಿಸಬೇಕು.

ನನ್ನ ಮೈದುನ ಕಾಡಿನಲ್ಲಿ ವಾಚರ್ ಕೆಲಸ ಮಾಡುತ್ತಾನೆ. ದೇವರಾಯನದುರ್ಗದ ಕಡೆ. ಅಲ್ಲಿ ಕರಡಿ ಇದೆ, ಚಿರತೆ ಇದೆ. ಮಳೆ ಬಿದ್ದ ರಾತ್ರಿ ಉರುಳು ಒಡ್ಡುವವರು ಬರುತ್ತಾರೆ, ಕಾವಲು ಸಡಿಲ ಇರುತ್ತದೆ ಅಂತ ಅವರ ಲೆಕ್ಕ. ಹಾಗಾಗಿ ವಾಚರ್‌ಗಳು ಮಳೆಯಲ್ಲೇ ತಿರುಗಬೇಕು. ಒಂದು ಸಲ ಹಸ್ತ ಮಳೆಯಲ್ಲಿ ಮೈದುನ ಮತ್ತು ಅವನ ಜೊತೆಗಾರ ಲಂಟಾನದ ನಡುವಿನ ಕಾಲುದಾರಿಯಲ್ಲಿ ಬೆಳಗಿನ ಜಾವ ಹೋಗುತ್ತಿದ್ದರು. ಮೈದುನ ಹಾಕಿದ್ದು ಸಂತೆಯಲ್ಲಿ ತಂದ ದಪ್ಪ ಪಿವಿಸಿ ಕೋಟು. ಟೋಪಿ ಬಿಗಿಯಾಗಿ ಕಟ್ಟಿಕೊಂಡಿದ್ದ. ಆ ಟೋಪಿ ಮೇಲೆ ಹನಿ ಬಿದ್ದರೆ ಒಳಗೆ ತಗಡಿನ ಸೂರಿನ ಕೆಳಗೆ ಕೂತ ಹಾಗೆ ಇರುತ್ತದೆ. ಅದರ ಜೊತೆಗೆ ಹೆಜ್ಜೆ ಹಾಕಿದಾಗಲೆಲ್ಲ ತೋಳು ಮೈಗೆ ಉಜ್ಜಿ ಕರಕರ ಸದ್ದು. ಹುತ್ತದ ಹಿಂದೆ ಕರಡಿ ಮರಿ ಜೊತೆ ಇದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಜೊತೆಗಾರ ಗೋಣಿಚೀಲದ ಕೊಪ್ಪೆ ಹಾಕಿಕೊಂಡಿದ್ದ. ಅವನಿಗೆ ಉಸಿರು ಎಳೆಯುವ ಸದ್ದು ಕೇಳಿಸಿತು. ಕೈ ಹಿಡಿದು ಹಿಂದಕ್ಕೆ ಎಳೆದ. ಇಬ್ಬರೂ ಮೆಲ್ಲನೆ ಹಿಂದೆ ಸರಿದರು. ಬದುಕಿದರು.

ಕರಡಿ ಹುತ್ತಕ್ಕೆ ಮೂತಿ ಇಟ್ಟು ಗೆದ್ದಲು ಎಳೆದುಕೊಳ್ಳುವಾಗ ಜೋರಾಗಿ ಸದ್ದು ಮಾಡುತ್ತದೆ. ತೆರೆದ ಕಿವಿಗೆ ಅದು ದೂರದಿಂದಲೇ ಕೇಳುತ್ತದೆ. ಅದರ ಮೂಗು ಬಲು ಚುರುಕು, ಆದರೆ ಕಣ್ಣು, ಕಿವಿ ಅಷ್ಟು ಚುರುಕಿಲ್ಲ. ತಿನ್ನುವುದರಲ್ಲಿ ಮುಳುಗಿದ್ದರೆ ಮನುಷ್ಯ ಬಂದದ್ದು ಅದಕ್ಕೆ ಹತ್ತಿರಕ್ಕೆ ಬಂದ ಮೇಲೇ ಗೊತ್ತಾಗುವುದು. ಆಗ ಹೆದರಿ ಮೇಲೆ ಬೀಳುತ್ತದೆ. ಕರಡಿಗೆ ನಾವು ಕಾಣಿಸುವ ಮೊದಲೇ ನಮಗೆ ಅದು ಕೇಳಿಸಬೇಕು. ಇಂಥ ಕಡೆ ಕಿವಿ ಮುಚ್ಚುವ ಕೋಟು ಕೊಡುವುದು ಅಂದರೆ ಕಣ್ಣು ಕಟ್ಟಿ ಕಳಿಸಿದ್ದಕ್ಕಿಂತ ಕಡಿಮೆ ಏನಲ್ಲ.

ಅದಕ್ಕೇ ನನ್ನ ಹತ್ತಿರ ಬರುವವರಿಗೆಲ್ಲ ಒಂದು ಪರೀಕ್ಷೆ ಹೇಳುತ್ತೇನೆ. ಕೋಟಿನ ತೋಳನ್ನು ಕಿವಿ ಹತ್ತಿರ ಹಿಡಿದು ಎರಡು ಬೆರಳಲ್ಲಿ ಉಜ್ಜಿ ನೋಡಿ. ಅಂಗಡಿಯ ಫ್ಯಾನು, ಬೀದಿ ಗಲಾಟೆಯಲ್ಲಿ ಏನೂ ತಿಳಿಯುವುದಿಲ್ಲ. ಆಗುವುದಾದರೆ ಬದಲಾಯಿಸಿ ಕೊಡುವ ಮಾತಿನ ಮೇಲೆ ಮನೆಗೆ ಒಯ್ದು ರಾತ್ರಿ ಹಾಕಿಕೊಂಡು ಹಿತ್ತಲಲ್ಲಿ ನಡೆಯಿರಿ. ಟೋಪಿ ಹಾಕಿಕೊಂಡು, ಮನೆಯವರು ಹಿಂದಿನಿಂದ ಮೆಲ್ಲಗೆ ಕರೆದರೆ ಕೇಳಿಸುತ್ತದಾ ನೋಡಿ. ತಲೆ ತಿರುಗಿಸಿದಾಗ ಟೋಪಿಯೂ ಜೊತೆಗೆ ತಿರುಗಬೇಕು. ಬಹಳಷ್ಟು ಕೋಟಿನಲ್ಲಿ ತಲೆ ಮಾತ್ರ ತಿರುಗುತ್ತದೆ, ಕಣ್ಣೆದುರು ಟೋಪಿಯ ಒಳಗೋಡೆ ಬರುತ್ತದೆ. ತಲೆಯ ಹಿಂಭಾಗದಲ್ಲಿ ಬಿಗಿ ಮಾಡುವ ಒಂದು ದಾರ ಅಥವಾ ಪಟ್ಟಿ ಇದ್ದರೆ ಈ ತೊಂದರೆ ಇರುವುದಿಲ್ಲ. ಇಲ್ಲದಿದ್ದರೆ ಯಾವ ಟೈಲರೂ ಹಾಕಿಕೊಡಬಹುದು, ಹತ್ತು ನಿಮಿಷದ ಕೆಲಸ. ನಾನು ಟೋಪಿಯ ಒಳಗೆ ಹಳೆಯ ಮೆತ್ತನೆ ಕಾಟನ್ ಬಟ್ಟೆಯ ಲೈನಿಂಗ್ ಕೊಡುತ್ತೇನೆ. ಹನಿಯ ಸದ್ದು ಎಷ್ಟೋ ಕಡಿಮೆಯಾಗುತ್ತದೆ. ಮಳೆ ಸಣ್ಣಗಿದ್ದರೆ ಟೋಪಿ ಹಿಂದಕ್ಕೆ ಸರಿಸಿ, ಅಂಚು ಅಗಲ ಇರುವ ಹ್ಯಾಟು ಹಾಕಿಕೊಳ್ಳುವುದೇ ವಾಸಿ. ಕಿವಿ ಪೂರ್ತಿ ತೆರೆದಿರುತ್ತದೆ.

ಬಟ್ಟೆ ವಿಚಾರಕ್ಕೆ ಬರುತ್ತೇನೆ. ಸಂತೆಯಲ್ಲಿ ಸಿಗುವ ಪಿವಿಸಿ ಕೋಟು ನೀರನ್ನು ಪೂರ್ತಿ ತಡೆಯುತ್ತದೆ, ಅಗ್ಗ ಕೂಡ. ಆದರೆ ಭಾರ, ಸದ್ದು, ಸೆಕೆ. ಮಡಚಿದ ಜಾಗದಲ್ಲಿ ಸೀಳುತ್ತದೆ. ಒಂದೇ ಕಡೆ ನಿಂತು ಕೆಲಸ ಮಾಡುವವರಿಗೆ ಸಾಕು. ನಡೆಯುವವರಿಗೆ ಬೇಡ. ನೈಲಾನ್ ಅಥವಾ ಪಾಲಿಯೆಸ್ಟರಿಗೆ ಒಳಗಡೆ ಪಿಯು ಅನ್ನುವ ತೆಳು ಪ್ಲಾಸ್ಟಿಕ್ ಲೇಪ ಕೊಟ್ಟದ್ದು ಹಗುರ. ಅದರಲ್ಲೂ ಎರಡು ಥರ. ಹೊರಮುಖ ನುಣ್ಣಗೆ ಹೊಳೆಯುವುದು ಸರಸರ ಅನ್ನುತ್ತದೆ. ಹೊರಮುಖ ಮೆತ್ತಗೆ, ಸಣ್ಣ ರೋಮ ಎದ್ದ ಹಾಗೆ ಇರುವುದು ಸದ್ದು ಮಾಡುವುದಿಲ್ಲ. ಹೊರಗಿನ ಬೇಟೆಯವರು ಆರಿಸುವುದು ಈ ಎರಡನೆಯದನ್ನೇ. ಇದಕ್ಕೂ ಒಂದು ತೊಂದರೆ ಇದೆ, ಮುಚ್ಚಿಡುವುದಿಲ್ಲ. ಮೆತ್ತನೆ ಮುಖ ನೀರು ಹೀರಿಕೊಂಡು ಭಾರವಾಗುತ್ತದೆ, ಒಣಗಲು ಜಾಸ್ತಿ ಹೊತ್ತು ಬೇಕು. ಒಳಗೆ ಲೇಪ ಇರುವುದರಿಂದ ಮೈ ಒದ್ದೆಯಾಗುವುದಿಲ್ಲ, ಅಷ್ಟೇ. ನಾನಾದರೆ ಕಾಡಿಗೆ ಹೋಗುವವರಿಗೆ ಇದನ್ನೇ ಹೇಳುವುದು. ಭಾರ ಹೊರಬಹುದು, ಕಿವಿ ಮುಚ್ಚಿಕೊಂಡು ಹೋಗಲು ಆಗುವುದಿಲ್ಲ.

ನಮ್ಮ ಕಾಡು ಮುಳ್ಳಿನ ಕಾಡು ಅನ್ನುವುದನ್ನೂ ಮರೆಯಬಾರದು. ಕಾರೆ, ಜಾಲಿ, ಲಂಟಾನ. ಮಡಚಿ ಜೇಬಿನಲ್ಲಿ ಇಡುವಷ್ಟು ತೆಳ್ಳಗಿನ ಕೋಟು ಅಲ್ಲಿ ಒಂದು ವಾರವೂ ತಡೆಯುವುದಿಲ್ಲ. ಮುಂಗೈ, ಮೊಣಕೈ, ಭುಜಕ್ಕೆ ದಪ್ಪ ಬಟ್ಟೆಯ ತೇಪೆ ಮೊದಲೇ ಹಾಕಿಸಿಕೊಳ್ಳಿ. ತೇಪೆಯನ್ನು ಹೊಲಿಯುವ ಬದಲು ಅಂಟಿಸಿದರೆ ಒಳ್ಳೆಯದು.

ಯಾಕೆ ಅಂದರೆ ಸೂಜಿ. ಇದು ನನ್ನ ಕಸುಬಿನ ಮಾತು, ಸ್ವಲ್ಪ ಉದ್ದ ಆದರೂ ಹೇಳುತ್ತೇನೆ. 1823ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂತಾಷ್ ಎರಡು ಬಟ್ಟೆಯ ನಡುವೆ ಕರಗಿಸಿದ ರಬ್ಬರು ಹಚ್ಚಿ, ನೀರು ತೂರದ ಬಟ್ಟೆಗೆ ಪೇಟೆಂಟ್ ತೆಗೆದುಕೊಂಡರು. ಬಟ್ಟೆ ನೀರು ತಡೆಯಿತು. ಅದನ್ನು ಟೈಲರ್‌ಗಳು ಕೋಟು ಮಾಡಿದರು, ಸೂಜಿಯ ತೂತಿನಿಂದ ನೀರು ಒಳಗೆ ಬಂತು. ಬಿಸಿಲಿಗೆ ರಬ್ಬರು ಅಂಟಂಟಾಗುತ್ತಿತ್ತು, ಚಳಿಗೆ ಸೆಟೆದುಕೊಳ್ಳುತ್ತಿತ್ತು. ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡುವುದನ್ನು ಕಲಿತ ಮೇಲೆ ಅಂಟು ಹೋಯಿತು. ತೂತಿನ ಸಮಸ್ಯೆ ಮಾತ್ರ ಇವತ್ತಿಗೂ ನನ್ನ ಮೆಷಿನ್ ಮುಂದೆ ಕೂತಿದೆ. ಇದನ್ನು ನನಗೆ ಓದಿ ಹೇಳಿದವಳು ಮಗಳು. ಅವಳು ಫ್ಯಾಷನ್ ಡಿಸೈನ್ ಓದುತ್ತಿದ್ದಾಳೆ. ಇನ್ನೂರು ವರ್ಷದ ಹಿಂದಿನ ಟೈಲರ್‌ಗಳೂ ನಮ್ಮ ಹಾಗೇ ಒದ್ದಾಡಿದ್ದಾರಲ್ಲ ಅಂತ ನನಗೆ ಅವರ ಮೇಲೆ ಪ್ರೀತಿ ಬಂತು.

ಈಗಿನ ಒಳ್ಳೆಯ ಕೋಟುಗಳಲ್ಲಿ ಹೊಲಿಗೆಯ ಮೇಲೆ ಒಳಗಡೆಯಿಂದ ಬಿಸಿಗಾಳಿ ಮೆಷಿನ್‌ನಲ್ಲಿ ಟೇಪ್ ಅಂಟಿಸಿರುತ್ತಾರೆ. ಕೋಟನ್ನು ಒಳಮೈ ಹೊರಗೆ ಮಾಡಿ ನೋಡಿ. ಭುಜ, ಕಂಕುಳು, ಬೆನ್ನು, ಟೋಪಿ ಸೇರುವ ಕತ್ತಿನ ಭಾಗ, ಎಲ್ಲ ಕಡೆ ಟೇಪ್ ಇರಬೇಕು. ಕೆಲವು ಕೋಟಿನಲ್ಲಿ ಭುಜಕ್ಕೆ ಮಾತ್ರ ಹಾಕಿ ಕಂಕುಳನ್ನು ಹಾಗೇ ಬಿಟ್ಟಿರುತ್ತಾರೆ. ಟೇಪಿನ ಅಂಚನ್ನು ಉಗುರಿನಿಂದ ಎಬ್ಬಿಸಿದರೆ ಏಳಬಾರದು. ನನ್ನಂಥ ಸಣ್ಣ ಅಂಗಡಿಯವರ ಹತ್ತಿರ ಆ ಮೆಷಿನ್ ಇರುವುದಿಲ್ಲ. ನಾವು ಹೊಲಿಗೆಗೆ ಅಂಟು ಹಚ್ಚುತ್ತೇವೆ. ಸಣ್ಣ ಸೂಜಿ ಹಾಕುತ್ತೇವೆ, ಹೊಲಿಗೆ ಸ್ವಲ್ಪ ಉದ್ದ ಇಡುತ್ತೇವೆ, ಆಗ ತೂತು ಕಡಿಮೆ. ಗುಂಡುಪಿನ್ನು ಚುಚ್ಚದೆ ಕ್ಲಿಪ್ ಹಾಕಿ ಹಿಡಿಯುತ್ತೇವೆ. ಎಲ್ಲಕ್ಕಿಂತ ಮುಖ್ಯ, ಭುಜದ ನೆತ್ತಿಯ ಮೇಲೆ ಹೊಲಿಗೆ ಬರದ ಹಾಗೆ ಕತ್ತರಿಸುತ್ತೇನೆ. ಮಳೆ ನೇರ ಬೀಳುವುದು ಅಲ್ಲಿಗೆ. ಬ್ಯಾಗಿನ ಪಟ್ಟಿ ಒತ್ತುವುದೂ ಅಲ್ಲಿಗೆ.

ಆ ಒತ್ತಡದ ಬಗ್ಗೆ ಒಂದು ಮಾತು. ಕೆಲವು ಕೋಟಿನ ಚೀಟಿ ಮೇಲೆ 3,000 ಮಿ.ಮೀ., 10,000 ಮಿ.ಮೀ. ಅಂತ ಬರೆದಿರುತ್ತದೆ. ಅದು ಮಳೆಯ ಅಳತೆ ಅಲ್ಲ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ನೀರು ತೂರುವುದಿಲ್ಲ ಅಂತ ಅರ್ಥ. 10,000 ಅಂದರೆ 10 ಮೀಟರ್ ನೀರು. ಬರೀ ಮಳೆ ಹನಿಗೆ ಅಷ್ಟು ಬೇಕಿಲ್ಲ. ಆದರೆ ಒದ್ದೆ ಬಂಡೆ ಮೇಲೆ ಕೂತಾಗ, ಮಂಡಿ ಊರಿದಾಗ, ಹೆಗಲಿಗೆ ಬ್ಯಾಗು ಬಿಗಿದಾಗ ಬಟ್ಟೆ ಮೇಲೆ ಒತ್ತಡ ಬೀಳುತ್ತದೆ, ನೀರು ತೂರುತ್ತದೆ. ಕೂತು ಕಾಯುವ ಕೆಲಸ ಇದ್ದವರು ದೊಡ್ಡ ಅಂಕಿ ಇರುವುದನ್ನೇ ಆರಿಸಲಿ. ಚೀಟಿ ಇಲ್ಲದ ಕೋಟಾದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹೊಲಿಗೆ ಇರುವ ಭಾಗವನ್ನು ಗುಳಿ ಮಾಡಿ ಹಿಡಿದು, ಒಂದು ಲೋಟ ನೀರು ಹುಯ್ದು, ಕೆಳಗೆ ಹಳೇ ಪತ್ರಿಕೆ ಹಾಸಿ. ಹತ್ತು ನಿಮಿಷ ಬಿಡಿ. ಕಾಗದ ಒದ್ದೆಯಾದರೆ ಆ ಹೊಲಿಗೆಗೆ ಅಂಟು ಬೇಕು.

ರೆಡಿಮೇಡ್ ಕೋಟಿನ ತೋಳು ಉದ್ದ ಅಂತ ಮೊಟಕು ಮಾಡಿಸಲು ಬರುತ್ತಾರೆ. ಬೇಡ ಅನ್ನುತ್ತೇನೆ, ಮತ್ತೆ ಹೊಲಿದರೆ ಮತ್ತೆ ಸೂಜಿ ತೂತು. ಒಳಗೆ ಮಡಚಿ ವೆಲ್‌ಕ್ರೋ ಪಟ್ಟಿ ಬಿಗಿದುಕೊಂಡರೆ ಸಾಕು.

‘ಅಕ್ಕ, ಕೋಟು ಸೋರುತ್ತಿದೆ’ ಅಂತ ತರುವವರಲ್ಲಿ ಬಹಳ ಜನರ ಕೋಟು ಸೋರುತ್ತಿರುವುದಿಲ್ಲ. ಅದು ಅವರದೇ ಬೆವರು. ಗುಡ್ಡ ಹತ್ತಿದವನ ಮೈಯಿಂದ ಆವಿ ಏಳುತ್ತದೆ. ಹೊರಗೆ ಹೋಗಲು ದಾರಿ ಇಲ್ಲದೆ ಕೋಟಿನ ಒಳಮೈಗೆ ಹನಿಯಾಗಿ ಕೂರುತ್ತದೆ. ಆಮೇಲೆ ನಿಂತಾಗ ಗಾಳಿಗೆ ಮೈ ತಣ್ಣಗಾಗಿ ನಡುಗುತ್ತದೆ. ಇದಕ್ಕೆ ಹೊರದೇಶದಲ್ಲಿ ಕಂಡುಕೊಂಡ ಉಪಾಯ ದೊಡ್ಡದು. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಒಂದು ಜಾತಿಯ ಪ್ಲಾಸ್ಟಿಕ್ಕನ್ನು, ನಮ್ಮ ದೋಸೆ ಕಾವಲಿಗೆ ಬಳಿಯುವ ಟೆಫ್ಲಾನನ್ನೇ, ಕಾಯಿಸಿ ಜೋರಾಗಿ ಎಳೆದಾಗ ಅದು ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಪೊರೆಯಾಗಿ ಹಿಗ್ಗಿತು. ನೀರಿನ ಹನಿ ಅದರಲ್ಲಿ ತೂರುವುದಿಲ್ಲ, ಬೆವರಿನ ಆವಿ ತೂರುತ್ತದೆ. ಗೋರ್‌ಟೆಕ್ಸ್ ಅನ್ನುವುದು ಅದೇ. ಹೊರಗಿನ ಒಳ್ಳೆಯ ಬೇಟೆ ಕೋಟುಗಳಲ್ಲಿ ಇಂಥ ಪೊರೆ ಇರುತ್ತದೆ. ಬೆಲೆ ಹತ್ತಾರು ಸಾವಿರ ರೂಪಾಯಿ.

ನಮ್ಮ ಜಿಲ್ಲೆಗೆ ಅದು ಬೇಕಾ? ಬೇಡ ಅನ್ನುವುದು ನನ್ನ ಅಭಿಪ್ರಾಯ. ಬೆಲೆ ಒಂದೇ ಕಾರಣ ಅಲ್ಲ. ಒಳಗೆ ಬಿಸಿ, ತೇವ ಇದ್ದು ಹೊರಗೆ ತಂಪು, ಒಣಗು ಇದ್ದರೆ ಆವಿ ಚೆನ್ನಾಗಿ ಹೊರಗೆ ಹೋಗುತ್ತದೆ. ಸ್ಕಾಟ್ಲೆಂಡಿನ ಚಳಿ ಗುಡ್ಡದಲ್ಲಿ ಅದು ಸರಿ. ನಮ್ಮಲ್ಲಿ ಮಳೆ ಜಾಸ್ತಿ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತ, ಚಿತ್ತೆ. ಆಗ ಹೊರಗಿನ ಗಾಳಿಯೇ ಒದ್ದೆ, ಚಳಿಯೂ ಅಷ್ಟಿಲ್ಲ. ಎಷ್ಟು ದುಬಾರಿ ಪೊರೆಯಾದರೂ ಆವಿಯನ್ನು ನಿಧಾನಕ್ಕೇ ಬಿಡುತ್ತದೆ. ಮೇಲಿನ ಬಟ್ಟೆ ನೀರು ಕುಡಿದು ನೆಂದರಂತೂ ಇನ್ನೂ ನಿಧಾನ. ನಮ್ಮವರಿಗೆ ಬೇಕಾದದ್ದು ಗಾಳಿ ಆಡುವ ಕೋಟು. ಕಂಕುಳಲ್ಲಿ ಉದ್ದ ಜಿಪ್, ಬೆನ್ನಿನ ಮೇಲೆ ಒಂದು ಮಡಿಕೆ, ಅದರ ಕೆಳಗೆ ಜಾಲರಿ ಬಟ್ಟೆ. ಹತ್ತುವಾಗ ಜಿಪ್ ತೆಗೆಯಿರಿ, ನಿಂತಾಗ ಹಾಕಿಕೊಳ್ಳಿ. ಸಾಮಾನ್ಯ ಪಿಯು ಬಟ್ಟೆಯಲ್ಲೇ ಇದನ್ನು ಮಾಡಬಹುದು. ಕೂಲಿ ಸ್ವಲ್ಪ ಜಾಸ್ತಿ ಆಗುತ್ತದೆ. ಒಳಗೆ ಹತ್ತಿ ಬನಿಯನ್ ಬದಲು ಬೇಗ ಒಣಗುವ ಟೀ ಶರ್ಟು ಹಾಕಿದರೆ ಇನ್ನೂ ಒಳ್ಳೆಯದು.

ಕಂಬಳಿ ಬಗ್ಗೆ ಬರೆಯದಿದ್ದರೆ ನಮ್ಮ ಶಿರಾ, ಪಾವಗಡದ ಕಡೆಯ ಕುರಿಗಾಹಿಗಳು ನನ್ನನ್ನು ಕ್ಷಮಿಸುವುದಿಲ್ಲ. ನನ್ನ ತವರು ಬುಕ್ಕಾಪಟ್ಟಣದ ಹತ್ತಿರ. ಅಲ್ಲಿ ನಮ್ಮ ಅಪ್ಪ ಮಳೆಯಲ್ಲಿ ಕಂಬಳಿ ಕೊಪ್ಪೆ ಬಿಟ್ಟು ಬೇರೆ ಏನನ್ನೂ ಹಾಕಿದವರಲ್ಲ. ಕರಿ ಕುರಿಯ ಉಣ್ಣೆಯ ಕಂಬಳಿ, ಹುಣಸೆ ಬೀಜದ ಗಂಜಿ ಕೊಟ್ಟದ್ದು. ಹೊಸದರಲ್ಲಿ ಒರಟು, ನಿಲ್ಲಿಸಿದರೆ ನಿಲ್ಲುತ್ತದೆ. ನೂಲಿನ ಸಂದು ಮುಚ್ಚಿರುವುದರಿಂದ ಸೋನೆ ಮಳೆ ಹಾಗೇ ಜಾರಿ ಹೋಗುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಮೈ ಬೆಚ್ಚಗೇ ಇರುತ್ತದೆ. ಸದ್ದು ಇಲ್ಲವೇ ಇಲ್ಲ. ಕಾರೆ ಮುಳ್ಳಿಗೆ ಜಗ್ಗುವುದಿಲ್ಲ. ಆಸ್ಟ್ರಿಯಾ, ಜರ್ಮನಿಯ ಬೆಟ್ಟಗಳ ಬೇಟೆಗಾರರು ಇಂದಿಗೂ ಲೋಡನ್ ಅನ್ನುವ ದಪ್ಪ ಉಣ್ಣೆಯ ಕೋಟು ಹಾಕುತ್ತಾರೆ. ಕಾರಣ ಇದೇ, ಅದು ಸದ್ದು ಮಾಡುವುದಿಲ್ಲ. ನಮ್ಮ ಕುರುಬರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಂತ ಎಲ್ಲರೂ ಕಂಬಳಿಗೆ ವಾಪಸ್ ಹೋಗಿ ಅಂತ ನಾನು ಹೇಳುವುದಿಲ್ಲ. ಜಡಿಮಳೆ ಇಡೀ ರಾತ್ರಿ ಹಿಡಿದರೆ ಕಂಬಳಿ ಹೊರಲಾರದಷ್ಟು ಭಾರ. ಒಣಗಲು ಎರಡು ಮೂರು ದಿನದ ಬಿಸಿಲು ಬೇಕು, ಆ ಬಿಸಿಲು ಸಿಗುವುದಿಲ್ಲ. ಹೊಲದಲ್ಲಿ ಅಟ್ಟಣೆ ಮೇಲೆ ಕೂರುವವರಿಗೆ ನಾನು ಹೇಳುವುದು ಇಷ್ಟು. ಒಳಗೆ ಕಂಬಳಿ ಹೊದ್ದುಕೊಳ್ಳಿ, ಮೇಲೆ ಸಡಿಲವಾದ ಹಗುರ ಹೊದಿಕೆ ಇರಲಿ. ಕೆಳಗೆ ಗಾಳಿ ಆಡುತ್ತದೆ, ಮೇಲೆ ನೀರು ನಿಲ್ಲುವುದಿಲ್ಲ. ಆದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಂಥ ಕಡೆ, ಕೃಷ್ಣಮೃಗಗಳ ಆ ಹುಲ್ಲುಬಯಲಿನಲ್ಲಿ, ಸಡಿಲ ಹೊದಿಕೆ ನಡೆಯುವುದಿಲ್ಲ. ಮರೆಯಾಗಲು ಒಂದು ದೊಡ್ಡ ಮರ ಇಲ್ಲ. ಮಳೆ ಅಡ್ಡ ಹೊಡೆಯುತ್ತದೆ, ಹೊದಿಕೆ ಹಾರಿ ತಲೆ ಮೇಲೆ ಬರುತ್ತದೆ. ಅಲ್ಲಿ ಸೊಂಟಕ್ಕೆ ಬೆಲ್ಟು ಇರುವ, ಮಂಡಿವರೆಗೆ ಬರುವ ಕೋಟೇ ಬೇಕು.

ಬಣ್ಣದ ವಿಚಾರದಲ್ಲಿ ನಾನು ತುಂಬ ಖಡಾಖಂಡಿತ. ಎಲೆ ಅಚ್ಚಿನ ಕೋಟು ಹೊಲಿದು ಕೊಡುವುದಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಬಂದೂಕಿನ ಬೇಟೆಯ ದಿನಗಳಲ್ಲಿ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಹಾಕಲೇಬೇಕು ಅಂತ ಕಾನೂನು ಇದೆ. ಜಿಂಕೆಯ ಕಣ್ಣಿಗೆ ಕಿತ್ತಳೆ, ಕೆಂಪು ಬಣ್ಣ ನಮಗೆ ಕಂಡ ಹಾಗೆ ಕಾಣುವುದಿಲ್ಲ, ಮಂಕಾಗಿ ಕಾಣುತ್ತದೆ. ಮನುಷ್ಯನಿಗೆ ಮಾತ್ರ ದೂರದಿಂದಲೇ ಕಾಣುತ್ತದೆ. ಒಬ್ಬ ಬೇಟೆಗಾರನ ಗುಂಡು ಇನ್ನೊಬ್ಬನಿಗೆ ಬೀಳಬಾರದು ಅಂತ ಈ ಏರ್ಪಾಡು. ನಮ್ಮಲ್ಲೂ ಬೆಳೆ ಕಾಯಲು ಲೈಸೆನ್ಸು ಇರುವ ಕೋವಿಗಳಿವೆ. ಮಳೆ ರಾತ್ರಿ ಪೊದೆ ಬಣ್ಣದ ಕೋಟು ಹಾಕಿ ಬಗ್ಗಿ ನಡೆಯುವವನನ್ನು ಹಂದಿ ಅಂದುಕೊಂಡರೆ? ಕಾವಲುಗಾರ ಮನುಷ್ಯರ ಕಣ್ಣಿಗೆ ಕಾಣಬೇಕು. ಕಿತ್ತಳೆ ಬಟ್ಟೆ ಹೊಲಿಸಿ. ಬೆನ್ನಿಗೆ, ತೋಳಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅಂಟಿಸಿ. ಉರುಳಿನವರನ್ನು ಹಿಡಿಯಲು ಮರೆಯಲ್ಲಿ ಕೂರಬೇಕಾದ ವಾಚರ್‌ಗಳ ಮಾತು ಬೇರೆ, ಅವರಿಗೆ ಮಣ್ಣಿನ ಬಣ್ಣ ಇರಲಿ. ಅವರಿಗೂ ಹೊಳೆಯುವ ಪಟ್ಟಿಯನ್ನು ಬೇಕಾದಾಗ ಮುಚ್ಚಿ ತೆಗೆಯುವ ಹಾಗೆ ಮಾಡಿಕೊಡಬಹುದು.

ಇದರ ಜೊತೆಗೆ, ರೈನ್‌ಕೋಟಿಗೆ ಸಂಬಂಧ ಇಲ್ಲದ ಮಾತಾದರೂ ಹೇಳದೆ ಇರಲಾರೆ. ಹಂದಿಗೆ ಅಂತ ಬೇಲಿಗೆ ನೇರ ಕರೆಂಟು ಕೊಡುವವರು ಇದ್ದಾರೆ. ಒದ್ದೆ ನೆಲ, ಒದ್ದೆ ಮೈ, ಕತ್ತಲು. ಯಾವ ಕೋಟೂ, ಯಾವ ಗಂಬೂಟೂ ಅಲ್ಲಿ ಕಾಪಾಡುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಅಂಥ ಬೇಲಿ ಕಂಡರೆ ದಯವಿಟ್ಟು ಸುಮ್ಮನಿರಬೇಡಿ, ತಿಳಿಸಿ. ಅದು ಹಂದಿಯನ್ನಷ್ಟೇ ಕೊಲ್ಲುವುದಿಲ್ಲ.

ಕಾಲಿನ ವಿಚಾರ ಬೇಗ ಮುಗಿಸುತ್ತೇನೆ. ರಾಗಿ ಹೊಲ, ಹುಲ್ಲಿನ ನಡುವೆ ನೀರು ಕೆಳಗಿನಿಂದ ಹತ್ತುತ್ತದೆ. ಪ್ಯಾಂಟು ಗಂಬೂಟಿನ ಹೊರಗೆ ಇರಬೇಕು. ಒಳಗೆ ತುರುಕಿದರೆ ಇಡೀ ಕಾಲಿನ ನೀರು ಬೂಟಿಗೆ ಇಳಿಯುತ್ತದೆ.

ಹೆಂಗಸರ ವಿಚಾರ ಮಾತ್ರ ಬೇಗ ಮುಗಿಸಲಾರೆ. ಮಳೆಯಲ್ಲಿ ಕೆಲಸ ಮಾಡುವವರಲ್ಲಿ ಅರ್ಧ ಹೆಂಗಸರು. ಕುರಿ ಮೇಯಿಸುತ್ತಾರೆ, ಕಳೆ ಕೀಳುತ್ತಾರೆ, ಬೆಳಿಗ್ಗೆ ಕತ್ತಲಲ್ಲೇ ಡೇರಿಗೆ ಹಾಲು ಒಯ್ಯುತ್ತಾರೆ. ಕಾಡು ಕಾಯುವ ಕೆಲಸಕ್ಕೂ ಹೆಣ್ಣುಮಕ್ಕಳು ಬಂದಿದ್ದಾರೆ. ಕೋಟುಗಳು ಮಾತ್ರ ಎಲ್ಲ ಗಂಡಸರ ಅಳತೆಯವು. ಭುಜ ಕೆಳಗೆ ಜಾರುತ್ತದೆ, ತೋಳು ಬೆರಳು ದಾಟುತ್ತದೆ, ಎದೆ ಹತ್ತಿರ ಬಟನ್ ಸೇರುವುದಿಲ್ಲ. ಸೀರೆ ಉಟ್ಟವರು ಆ ಪ್ಯಾಂಟು ಹಾಕುವುದು ಹೇಗೆ? ಅದಕ್ಕೇ ಅವರು ಈಗಲೂ ಗೊಬ್ಬರದ ಚೀಲ ಕತ್ತರಿಸಿ ತಲೆ ಮೇಲೆ ಹಾಕಿಕೊಳ್ಳುವುದು. ಬೆನ್ನು ನೆನೆಯುವುದಿಲ್ಲ, ಸೀರೆ ಮಂಡಿವರೆಗೆ ಒದ್ದೆ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡು ದಿನವಿಡೀ ನಡೆದರೆ ತೊಡೆ ಸಂದು ಉರಿಯುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಹತ್ತಿರ ಹೇಳುತ್ತಾರೆ.

ಅವರಿಗೆ ನಾನು ಬೇರೆ ಥರ ಹೊಲಿಯುತ್ತೇನೆ. ಕೆಳಗೆ ಪ್ಯಾಂಟಿನ ಬದಲು ಸುತ್ತಿಕೊಳ್ಳುವ ಲಂಗ. ಸೊಂಟಕ್ಕೆ ಅಗಲ ಎಲಾಸ್ಟಿಕ್, ಒಂದು ಪಕ್ಕ ವೆಲ್‌ಕ್ರೋ. ಸೀರೆಯನ್ನು ಸ್ವಲ್ಪ ಎತ್ತಿ ಕಟ್ಟಿ ಮೇಲೆ ಸುತ್ತಿಕೊಂಡರೆ ಆಯಿತು. ಕೂರಲು, ಬಗ್ಗಲು ತೊಂದರೆ ಇಲ್ಲ. ಹಿಂದೆ ಒಂದು ಸೀಳು, ಅದರ ಮೇಲೆ ಮಡಿಕೆ, ದೊಡ್ಡ ಹೆಜ್ಜೆ ಹಾಕಬಹುದು. ಮೇಲಿನ ಕೋಟಿಗೆ ತುರುಬು ಹಿಡಿಸುವಷ್ಟು ಆಳದ ಟೋಪಿ. ಗಂಡಸರ ಟೋಪಿಯಲ್ಲಿ ತುರುಬು ಹಿಡಿಸುವುದಿಲ್ಲ, ಅದು ಹಿಂದಕ್ಕೆ ಜಾರಿ ಬೀಳುತ್ತದೆ. ಬಟ್ಟೆ ಒಟ್ಟಾರೆ ಪ್ಯಾಂಟಿಗಿಂತ ಕಡಿಮೆಯೇ ಹಿಡಿಯುತ್ತದೆ. ಈ ಕಟಿಂಗ್ ಬೇಕಾದ ಟೈಲರ್‌ಗಳು ನನ್ನ ಹತ್ತಿರ ಬಂದು ನೋಡಿಕೊಂಡು ಹೋಗಲಿ. ದುಡ್ಡು ಬೇಡ. ಪ್ರತಿ ಊರಿನಲ್ಲಿ ಒಬ್ಬರು ಹೊಲಿಯುವಂತಾದರೆ ನನಗೆ ಸಂತೋಷ.

ಕೋಟು ಬಾಳಿಕೆ ಬರಬೇಕಾದರೆ ಒದ್ದೆ ಇರುವಾಗ ಮಡಚಬೇಡಿ. ನೆರಳಲ್ಲಿ ತೂಗುಹಾಕಿ. ಪಿಯು ಲೇಪಕ್ಕೆ ಸೆಕೆ, ತೇವ ಎರಡೂ ಸೇರಿದರೆ ಆಗುವುದಿಲ್ಲ. ಮುಂದಿನ ವರ್ಷ ಪೆಟ್ಟಿಗೆ ತೆಗೆದಾಗ ಒಳಗೆಲ್ಲ ಅಂಟಂಟು, ಪುಡಿಪುಡಿ. ಆಮೇಲೆ ಯಾವ ಟೈಲರೂ ಅದನ್ನು ಸರಿ ಮಾಡಲಾರ.

ಕೊನೆಗೆ, ಒಟ್ಟಿಗೆ ಕೋಟು ಕೊಂಡು ತಮ್ಮ ಕೆಲಸಗಾರರಿಗೆ ಹಂಚುವವರಲ್ಲಿ ಒಂದು ಕೋರಿಕೆ. ತೋಟದವರು, ಸಂಘದವರು, ಕಂಟ್ರಾಕ್ಟರುಗಳು, ಕಚೇರಿಯವರು, ಯಾರೇ ಇರಲಿ. ನಿಮ್ಮ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನ ಇಲ್ಲ. ಆದರೆ ಕೊಳ್ಳುವವರು ಮಳೆಯಲ್ಲಿ ನಡೆಯುವವರಲ್ಲ, ನಡೆಯುವವರನ್ನು ಯಾರೂ ಕೇಳಿರುವುದಿಲ್ಲ. ಒಂದೇ ಅಳತೆ, ಒಂದೇ ಬಣ್ಣ, ಕಡಿಮೆ ಬೆಲೆ ನೋಡಿ ತರುತ್ತೀರಿ. ಅದು ಮೂಲೆ ಸೇರುತ್ತದೆ, ಅವರು ಮತ್ತೆ ಗೊಬ್ಬರದ ಚೀಲಕ್ಕೇ ಹೋಗುತ್ತಾರೆ. ಮೊದಲು ಒಂದು ಕೋಟು ಹೊಲಿಸಿ. ನಿಮ್ಮ ಕೆಲಸಗಾರರಲ್ಲಿ ಒಬ್ಬರಿಗೆ, ಒಂದು ಹೆಣ್ಣಾಳಿಗೂ, ಅದನ್ನು ಹಾಕಿಸಿ ಒಂದು ಮಳೆಯಲ್ಲಿ ನಡೆಸಿ. ಅವರು ಹೇಳಿದ್ದನ್ನು ಕೇಳಿ ಆಮೇಲೆ ಉಳಿದದ್ದಕ್ಕೆ ಆರ್ಡರ್ ಕೊಡಿ.

ಆರ್ಡರನ್ನು ಜುಲೈನಲ್ಲೇ ಕೊಡಿ. ಹಸ್ತ ಮಳೆ ಹಿಡಿದ ಮೇಲೆ ಎಲ್ಲರೂ ಒಟ್ಟಿಗೆ ಬರುತ್ತಾರೆ. ಬೆಂಗಳೂರಿನಿಂದ ಬಟ್ಟೆ ತರಿಸಬೇಕು, ಹೊಲಿಗೆಗೆ ಹಚ್ಚಿದ ಅಂಟು ಒಣಗಲು ಬಿಸಿಲು ಬೇಕು. ನೀವೂ ಸಂಪಾದಕರೇ, ಮುಂದಿನ ಮಳೆಗಾಲದ ಪುಟ ಮಾಡುವಾಗ ಒಬ್ಬ ವಾಚರ್, ಒಬ್ಬ ಕುರಿಗಾಹಿ, ಹಾಲು ಒಯ್ಯುವ ಒಬ್ಬ ಹೆಣ್ಣುಮಗಳನ್ನು ಮಾತಾಡಿಸಿ. ನಮ್ಮ ಅಂಗಡಿಗೆ ಬಂದರೆ ಮೂವರೂ ಒಂದೇ ಕಡೆ ಸಿಗುತ್ತಾರೆ.

ಇಂತಿ,
ಒಬ್ಬ ಟೈಲರ್,
ಮಂಡಿಪೇಟೆ, ತುಮಕೂರು